ಭಾವನ ಕೀಗೊಂಚಲು

ಬೀಗದಣ್ಣನಿಗೆ ಮೊಸರಲ್ಲಿ ಕಲ್ಲು ಹುಡುಕುವುದು ಕಸುಬಿನ ಜೊತೆಗೇ ಬಂದ ಗುಣ. ಮೂವತ್ತು ವರ್ಷ ಬೀಗ ರಿಪೇರಿ ಮಾಡಿದವನು ಯಾರನ್ನು ತಾನೇ ನಂಬಿಯಾನು? ಕೀ ಕಳೆದುಹೋಯಿತು ಎಂದು ಬಂದವರ ಮುಖ ಮೊದಲು ನೋಡುತ್ತಿದ್ದ, ಬೀಗ ಆಮೇಲೆ.

ಸಾಲ ಮಾಡಿ ಕೀ ಕೊರೆಯುವ ದೊಡ್ಡ ಯಂತ್ರ ತಂದ ವರ್ಷವೇ ಆಫೀಸುಗಳೆಲ್ಲ ಕಾರ್ಡ್ ತೋರಿಸಿದರೆ ತೆರೆಯುವ ಬಾಗಿಲಿಗೆ ತಿರುಗಿಕೊಂಡವು. ಕಂತು ಕಟ್ಟಲಾರದೆ ದಿವಾಳಿ ಅರ್ಜಿ ಹಾಕಿದ. ಕೋರ್ಟಿನವರು ಯಂತ್ರ ಹರಾಜು ಹಾಕಿ, ಹೊಟ್ಟೆಪಾಡಿಗೆ ಬೇಕೆಂದು ಅರ, ಇಕ್ಕಳ ಬಿಟ್ಟುಹೋದರು. ಅದರಲ್ಲೂ ಏನೋ ಮಸಲತ್ತಿದೆ ಎಂದುಕೊಂಡ. ವರ್ಷದ ಮೇಲೆ ಋಣಮುಕ್ತಿ ಆದೇಶ ಬಂತು. ಉಳಿದ ಸಾಲವನ್ನು ಇನ್ನು ಯಾರೂ ಅವನಿಂದ ಕೇಳುವಂತಿಲ್ಲ.

"ಒಂದು ಹಾಳೆಗೆ ಅಷ್ಟು ಸಾಲ ಹೋಗುತ್ತಾ? ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ," ಎಂದು ಹೆಂಡತಿಗೆ ಹೇಳಿ, ಹಾಳೆಯ ಹಿಂಬದಿ ನೋಡದೆ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದ. ಲೋಕವನ್ನೆಲ್ಲ ಅನುಮಾನಿಸುವ ಮಹಾರಾಯ ಓದಬೇಕಾದ್ದನ್ನೇ ಓದಲಿಲ್ಲ, ನೋಡಿ!

ವಕೀಲರ ಒಂದು ಮಾತು ಮಾತ್ರ ತಲೆಯಲ್ಲಿ ಕೂತಿತ್ತು: "ಹೊಸ ಕಾಗದಕ್ಕೆ ಸಹಿ ಹಾಕಿದ್ರೋ, ಸತ್ತ ಸಾಲ ಎದ್ದು ಕೂರುತ್ತೆ."

ಹಾಗಾಗಿ ಹೆಂಡತಿಯ ಅಣ್ಣ ತಿಂಗಳಿಗೊಮ್ಮೆ ಬರತೊಡಗಿದಾಗ ಅವನ ಕಿವಿ ನೆಟ್ಟಗಾಯಿತು. ಭಾವನದು ಬುಕ್ ಬೈಂಡಿಂಗ್ ಅಂಗಡಿ. ಬಂದು ಕೀಗೊಂಚಲನ್ನು ಮೇಜಿನ ಮೇಲಿಟ್ಟು, "ಎಲ್ಲಾ ಸರಿ ನಡೀತಿದೆಯಾ?" ಎಂದು ಕೇಳಿ ಹೋಗುವರು. ಇವನ ಕಣ್ಣು ಗೊಂಚಲಿನ ಮೇಲೆ. ಮೊದಲು ಸ್ಕೂಟರಿನ ಕೀ ಮಾಯವಾಯಿತು. ಆಮೇಲೆ ಗೋದಾಮಿನದು.

"ನಾಟಕ! ಬಡವನ ವೇಷ ಹಾಕಿ ದುಡ್ಡು ಕೇಳೋಕೆ ಬರ್ತಾರೆ, ಇಲ್ಲಾ ಸಹಿ ಹಾಕಿಸೋಕೆ," ಎಂದ.

"ನಮ್ಮಣ್ಣನ ಮೇಲೂ ಅನುಮಾನವಾ? ಕಾಮಾಲೆ ಕಣ್ಣಿಗೆ ಎಲ್ಲಾ ಹಳದಿ," ಎಂದು ಹೆಂಡತಿ ಮುಖ ತಿರುಗಿಸಿದಳು.

ಒಂದು ದಿನ ಭಾವ ಚೀಲದಿಂದ ಲಕೋಟೆ ತೆಗೆದರು. ಇವನು ದಡಕ್ಕನೆ ಎದ್ದ. "ಸಹಿ ಗಿಹಿ ಏನೂ ಹಾಕಲ್ಲ ಭಾವ, ಈಗಲೇ ಹೇಳಿಬಿಟ್ಟೆ!"

"ಸಹಿ ನಾನು ಆವತ್ತೇ ಹಾಕಿದ್ನಲ್ಲೋ, ನಿನ್ನ ಸಾಲದ ಜಾಮೀನಿಗೆ. ಇವತ್ತಿಗೆ ಪೂರ್ತಿ ತೀರ್ತು. ತಂಗಿಗೆ ರಸೀದಿ ತೋರಿಸೋಣ ಅಂತ ಬಂದೆ."

ಹೆಂಡತಿ ಪೆಟ್ಟಿಗೆ ತೆರೆದು ಆದೇಶದ ಹಿಂಬದಿ ಓದಿದಳು: ಈ ಆದೇಶದಿಂದ ಜಾಮೀನುದಾರರ ಹೊಣೆ ಮುಗಿಯುವುದಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲ ಭಾವ?"

"ಹೇಳಿದ್ರೆ ನೀನು ನನ್ನನ್ನ ಬಿಡಿಸೋಕೆ ಅಂತ ಹೋಗಿ ಮತ್ತೆ ಸಹಿ ಹಾಕಿಬಿಡ್ತಿದ್ದೆ."

ತನ್ನನ್ನು ಅಷ್ಟು ಒಳ್ಳೆಯವನೆಂದು ಒಬ್ಬರು ನಂಬಿದ್ದರು. ಸ್ಕೂಟರೂ ಗೋದಾಮೂ ತನ್ನ ಸಾಲಕ್ಕೇ ಮಾರಿಹೋಗಿದ್ದವೆಂದು ಹೊಳೆದು, ಬೀಗದಣ್ಣನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮುಂದಿನ ಶನಿವಾರ ಬೈಂಡಿಂಗ್ ಅಂಗಡಿಗೆ ಹೋಗಿ, ವಾರದ ದುಡಿಮೆಯ ಅರ್ಧವನ್ನು ಅಂಟಿನ ಡಬ್ಬಿಯ ಪಕ್ಕ ಇಟ್ಟ.

"ತಗೊಂಡು ಹೋಗೋ. ನಾನೂ ನಿನ್ನನ್ನ ಕೇಳೋ ಹಾಗಿಲ್ಲ, ಕಾನೂನಿದೆ," ಎಂದರು ಭಾವ.

"ಕೇಳೋ ಹಾಗಿಲ್ಲ ಅಂತಿದೆ. ಕೊಡೋ ಹಾಗಿಲ್ಲ ಅಂತ ಎಲ್ಲೂ ಇಲ್ಲ. ಈ ಸಲ ಎರಡೂ ಬದಿ ಓದಿದ್ದೀನಿ, ಭಾವ."