ಮಾಸುಮಾಬಿಯ ಮೊಣಕಾಲು ಮತ್ತು ಕಹಿ ಕಾಫಿ

ಸಿರುಗುಪ್ಪ ತಾಲೂಕಿನಲ್ಲಿ ಮಾಸುಮಾಬಿಯ ಎಡ ಮೊಣಕಾಲಿಗೆ ಇದ್ದಷ್ಟು ಮರ್ಯಾದೆ ಕೋರ್ಟಿನ ಮೊಹರಿಗೂ ಇರಲಿಲ್ಲ. ಕೋರ್ಟಿನ ತೀರ್ಪಿನ ಮೇಲೆ ಅಪೀಲು ಹೋಗಬಹುದಿತ್ತು, ಮೊಣಕಾಲಿನ ಮೇಲೆ ಹೋಗುವಂತಿರಲಿಲ್ಲ. ಮಾಸುಮಾಬಿ ಸಂಬಂಧ ಕೂಡಿಸುವ ಹೆಂಗಸು. ಹೆಣ್ಣು ನೋಡಲು ಬಂದವರ ನಡುವೆ ಕೂತು, ಚಹಾದ ಮೊದಲ ಗುಟುಕು ಕುಡಿದು, ಸುಮ್ಮನೆ ಎಲೆ ಅಡಿಕೆ ಚೀಲ ಬಿಚ್ಚಿದಳೆಂದರೆ ಸಂಬಂಧ ಕುದುರಿದಂತೆ. ಗುಟುಕಿನ ಹಿಂದೆಯೇ ಕೈ ಮೊಣಕಾಲಿನ ಮೇಲೆ ಹೋಗಿ "ಯಾ ಅಲ್ಲಾ" ಎಂದು ಸಣ್ಣಗೆ ನರಳಿದಳೆಂದರೆ ಗಂಡಿನ ಕಡೆಯವರು ಚಪ್ಪಲಿ ಹುಡುಕತೊಡಗುತ್ತಿದ್ದರು. ಯಾರ ತಪ್ಪೂ ಇಲ್ಲ, ಯಾರಿಗೂ ಅವಮಾನವಿಲ್ಲ. ಮೊಣಕಾಲು ಬೇಡ ಎಂದಿತು, ಅಷ್ಟೆ. ಕರೂರಿನ ವಿರೂಪಮ್ಮ ತನ್ನ ಮಗನಿಗೆ ಹೆಣ್ಣು ಹುಡುಕುವಾಗ, ಜಾತಿ ಬೇರೆಯಾದರೇನು, ಮೊಣಕಾಲು ಒಂದು ದಿನದ ಮಟ್ಟಿಗೆ ಬಂದುಹೋಗಲಿ ಎಂದು ಎತ್ತಿನ ಬಂಡಿ ಕಳಿಸಿದ್ದಳಂತೆ. ಮಾಸುಮಾಬಿ ಉಳಿದ ದೇಹವನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದಳು.

ನಿಜ ಸಂಗತಿ ಎಂದರೆ ಆ ಮೊಣಕಾಲಿಗೆ ಯಾವ ರೋಗವೂ ಇರಲಿಲ್ಲ. ಅದು ಕುದುರೆಯ ಮೊಣಕಾಲಿನ ಹಾಗೆ ಗಟ್ಟಿಯಾಗಿತ್ತು. ಗುಟ್ಟೆಲ್ಲ ಇದ್ದದ್ದು ಚಹಾದಲ್ಲಿ.

ಅದು ಶುರುವಾದದ್ದು ಸಿರಿಗೇರಿಯ ಒಂದು ಮನೆಯಲ್ಲಿ. ಮಾಸುಮಾಬಿ ಆಗ ಇನ್ನೂ ಹರೆಯದ ಹೆಂಗಸು, ಈ ಕೆಲಸಕ್ಕೆ ಹೊಸಬಳು. ಹಿರಿಯರು ಮಾತು ಮುಗಿಸಿ, ತಾರೀಖು ಗೊತ್ತುಮಾಡುವ ಹಂತಕ್ಕೆ ಬಂದಿದ್ದರು. ಹುಡುಗಿ ತಂದಿಟ್ಟ ಚಹಾ ಕುಡಿದರೆ ಒಂದು ಹರಳು ಸಕ್ಕರೆ ಇಲ್ಲ. ತಲೆ ಎತ್ತಿ ನೋಡಿದಳು. ಬಾಗಿಲ ಮರೆಯಲ್ಲಿ ನಿಂತ ಹುಡುಗಿಯ ಕಣ್ಣುಗಳು ಅತ್ತು ಅತ್ತು ಊದಿದ್ದವು. ಹುಡುಗಿಗೆ ಇದು ಬೇಡ ಎಂದು ಗಂಡಸರ ಮುಂದೆ ಹೇಳಿದರೆ ಅವಳ ಬೆನ್ನಿಗೆ ಬಾಸುಂಡೆ ಬೀಳುವುದು ಖಂಡಿತ. ಏನು ಹೇಳಬೇಕೆಂದು ತಿಳಿಯದೆ ಮಾಸುಮಾಬಿ ಗಾಬರಿಯಲ್ಲಿ ಕೈಗೆ ಸಿಕ್ಕ ಮೊಣಕಾಲನ್ನೇ ಹಿಡಿದುಕೊಂಡಳು. ಅಪಶಕುನ ಎಂದು ಯಾರೋ ಅಂದರು. ಮದುವೆ ನಿಂತಿತು. ಮೊಣಕಾಲು ಹೆಸರು ಮಾಡಿತು.

ಅಲ್ಲಿಂದ ಮುಂದೆ ಅದೊಂದು ಪದ್ಧತಿಯೇ ಆಯಿತು. ಹೆಣ್ಣು ನೋಡುವ ಹಿಂದಿನ ದಿನ ಮಾಸುಮಾಬಿ ಏನೋ ನೆಪ ಮಾಡಿಕೊಂಡು ಹುಡುಗಿಯ ಮನೆಗೆ ಹೋಗುತ್ತಿದ್ದಳು. ಅಡುಗೆಮನೆಯಲ್ಲಿ ಅವಳ ಜಡೆ ಬಿಚ್ಚಿ ಎಣ್ಣೆ ಹಚ್ಚುತ್ತ ಕಿವಿಯಲ್ಲಿ ಹೇಳುತ್ತಿದ್ದಳು: ಮೊದಲ ಕಪ್ಪು ನನ್ನದು, ಹುಡುಗ ಮನಸ್ಸಿಗೆ ಬಂದರೆ ಅದಕ್ಕೆ ಸಕ್ಕರೆ ಹಾಕು, ಬರದಿದ್ದರೆ ಮರೆತುಬಿಡು. ಉಳಿದದ್ದನ್ನು ನನ್ನ ಮೊಣಕಾಲಿಗೆ ಬಿಡು. ತಾಲೂಕಿನ ಹುಡುಗಿಯರೆಲ್ಲ ಮದುವೆಯಾಗಿ, ಮಕ್ಕಳ ತಾಯಂದಿರಾಗಿ, ಅತ್ತೆಯರಾದರು. ಒಬ್ಬಳೂ ಬಾಯಿ ಬಿಡಲಿಲ್ಲ. ಹೆಂಗಸರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎನ್ನುವ ಗಂಡಸರು ಆ ಗುಟ್ಟಿನ ಮಧ್ಯೆಯೇ ಕೂತು ಚಹಾ ಹೀರಿ ಎದ್ದುಹೋಗುತ್ತಿದ್ದರು.

ಮಾಸುಮಾಬಿಗೆ ಹುಡುಗಿಯರ ಮುಖ ನೆನಪಿರುತ್ತಿರಲಿಲ್ಲ, ಚಹಾ ನೆನಪಿರುತ್ತಿತ್ತು. ಒಬ್ಬಳು ನಾಚಿಕೆಯಲ್ಲಿ ಅರ್ಧ ಚಮಚ ಹಾಕಿದ್ದಳು. ಇನ್ನೊಬ್ಬಳು ಹುಡುಗನನ್ನು ಮೊದಲೇ ಗಿರಣಿಯ ಹತ್ತಿರ ಎಲ್ಲೋ ನೋಡಿದ್ದಳೆಂದು ಕಾಣುತ್ತದೆ, ಕಪ್ಪಿನಲ್ಲಿ ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ ಸುರಿದಿದ್ದಳು. ಬಿಡುವಾಗಿದ್ದಾಗ ಮಾಸುಮಾಬಿ ಅವನ್ನೆಲ್ಲ ಒಂದೊಂದಾಗಿ ನೆನೆದುಕೊಳ್ಳುವಳು. ಹಿಂದೆ ಅವಳನ್ನೇ ನೋಡಲು ಬಂದ ದಿನ ಅವಳು ಮಾಡಿದ ಚಹಾದ ರುಚಿಯನ್ನು ಯಾರೂ ಹೀಗೆ ನೋಡಿರಲಿಲ್ಲ.

ಆಮೇಲೆ ಗಣಿಯ ಕಾಲ ಬಂತು. ಬಳ್ಳಾರಿಯ ಗುಡ್ಡಗಳು ಲಾರಿ ಹತ್ತಿ ಸಮುದ್ರ ದಾಟತೊಡಗಿದವು. ಕೆಂಪು ಧೂಳು ಎಷ್ಟೆಂದರೆ, ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೋದ ಗಂಡ ಸಂಜೆ ಬಾಗಿಲು ಬಡಿದರೆ ಹೆಂಡತಿ ಯಾರು ಬೇಕಾಗಿತ್ತು ಎಂದು ಕೇಳುತ್ತಿದ್ದಳು. ಬಿಳಿ ಕೋಳಿಗಳು ಇಟ್ಟಿಗೆ ಬಣ್ಣದ ಮೊಟ್ಟೆ ಇಡುತ್ತಿದ್ದವು. ಮೊದಲೆಲ್ಲ ವರನ ಯೋಗ್ಯತೆಯನ್ನು ಭತ್ತದ ಗದ್ದೆಯಲ್ಲಿ ಅಳೆಯುತ್ತಿದ್ದರು, ಈಗ ಟಿಪ್ಪರಿನ ಗಾಲಿಗಳಲ್ಲಿ. ಆರು ಗಾಲಿಯ ಹುಡುಗನಿಗಿಂತ ಹತ್ತು ಗಾಲಿಯ ಹುಡುಗ ಸುಂದರ.

ಆ ಕಾಲದಲ್ಲೇ ಮುಸ್ಕಾನ್‌ಗೆ ಕುರುಗೋಡಿನಿಂದ ಸಂಬಂಧ ಬಂತು. ಮುಸ್ಕಾನ್ ತಾಯಿ ಇಲ್ಲದ ಹುಡುಗಿ. ಅಪ್ಪ ನನ್ನೇಸಾಬ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಗಿರಣಿಯ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲವೆಂದು ಮಾತಾಡುವುದನ್ನೇ ಬಿಟ್ಟ ಮನುಷ್ಯ. ಮುಸ್ಕಾನ್‌ಳ ಎರಡು ಸಂಬಂಧಗಳು ಆಗಲೇ ಮೊಣಕಾಲಿಗೆ ಬಲಿಯಾಗಿದ್ದವು. ಎರಡು ಸಲವೂ ಅವಳು ಸಕ್ಕರೆ ಮರೆತಿದ್ದಳು. ಓಣಿಯವರಿಗೆ ಸಕ್ಕರೆಯ ವಿಷಯ ಗೊತ್ತಿಲ್ಲವಲ್ಲ, ಹುಡುಗಿಯ ನಸೀಬೇ ಕೆಟ್ಟದ್ದೆಂದು ಮಾತು ಎದ್ದಿತ್ತು. ಮೂರನೆಯ ಸಲವೂ ಮೊಣಕಾಲು ಹಿಡಿದರೆ ಆ ಮನೆಯ ಹೊಸ್ತಿಲಿಗೆ ಇನ್ನಾರೂ ಬರುವುದಿಲ್ಲ ಎಂಬುದು ನನ್ನೇಸಾಬನಿಗೂ ಗೊತ್ತಿತ್ತು, ಮಾಸುಮಾಬಿಗೂ ಗೊತ್ತಿತ್ತು.

ಹಿಂದಿನ ದಿನ ಎಣ್ಣೆ ಹಚ್ಚಿ, ಹೇಳುವುದನ್ನೆಲ್ಲ ಹೇಳಿಯಾಗಿತ್ತು. ಬೆಳಿಗ್ಗೆ ಹುಡುಗ ವಸೀಮ್‌ನ ಕಡೆಯಿಂದ ಫೋನು ಬಂತು. ಮನೆಗೆ ಬರುವುದಿಲ್ಲ, ನೀವೇ ಬಳ್ಳಾರಿಗೆ ಬರ್ರಿ, ಹೊಸ ಕಾಫಿ ಅಂಗಡಿ ಆಗೈತಿ, ಈಗ ದೊಡ್ಡವರೆಲ್ಲ ಅಲ್ಲೇ ಹೆಣ್ಣು ನೋಡೋದು ಎಂದು. ದೇಶದ ಊರೂರಲ್ಲೂ ಒಂದೇ ಬೋರ್ಡು, ಒಂದೇ ಕುರ್ಚಿ, ಒಂದೇ ಬಣ್ಣ ಇಟ್ಟುಕೊಂಡ ಅಂಗಡಿಗಳಲ್ಲಿ ಅದೊಂದು. ಮಾಸುಮಾಬಿ ಬಸ್ಸಿನಲ್ಲಿ ಇಡೀ ದಾರಿ ಯೋಚಿಸಿದಳು. ಕೊನೆಗೆ, ಎಲ್ಲಿಯಾದರೂ ಸರಿ, ಹುಡುಗಿ ತಂದುಕೊಟ್ಟರೆ ಸಾಕಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಒಳಗೆ ಏಸಿ ಎಂಥ ಥಂಡಿ ಇಟ್ಟಿದ್ದರೆಂದರೆ, ಬಳ್ಳಾರಿಯ ಬಿಸಿಲಿನಲ್ಲಿ ಬೆಂದು ಬಂದವರಿಗೆ ಬಾಗಿಲಲ್ಲೇ ನೆಗಡಿ ಆಗುತ್ತಿತ್ತು. ಸೋಫಾದ ಮೇಲೆ ಕೂತ ನನ್ನೇಸಾಬ ಕೂತ ಹಾಗೇ ಮುಳುಗಿ, ತಲೆಯ ಟೋಪಿ ಮಾತ್ರ ಕಾಣುತ್ತಿತ್ತು. ಎದುರಿಗೆ ವಸೀಮ್‌ನ ತಾಯಿ ಸುಲ್ತಾನಾ, ಕುರುಗೋಡಿನಲ್ಲಿ ಬಾಳಿದ ಗಂಭೀರ ಹೆಂಗಸು, ಹೆಚ್ಚು ಮಾತಿಲ್ಲ. ಮಗನಿಗೆ ಎರಡು ಟಿಪ್ಪರು ಎಂದಷ್ಟೇ ಹೇಳಿದಳು. ವಸೀಮ್ ಹೊಸ ಅಂಗಿಯ ಕಾಲರಿನೊಳಗೆ ಕುತ್ತಿಗೆ ತಿರುಗಿಸಲಾಗದೆ ಕೂತಿದ್ದ. ಯಾರೋ ಹೇಳಿಕೊಟ್ಟಿದ್ದರೆಂದು ಕಾಣುತ್ತದೆ, ಹೋದವನೇ 'ಸಿಂಗಲ್ ಕಪ್' ಎಂದು ಐದು ಜನಕ್ಕೂ ಹೇಳಿ ಬಂದ. ಒಬ್ಬರಿಗೆ ಒಂದೇ ಕಪ್ಪು, ಅವರಿಗೆಂದೇ ಬೇರೆಯಾಗಿ ಪುಡಿ ಹಾಕಿ, ಬೇರೆಯಾಗಿ ಸೋಸಿ ಕೊಡುವ ಕಾಫಿಯಂತೆ ಅದು.

ಅಲ್ಲಿ ತಂದುಕೊಡುವವರಿಲ್ಲ, ಕೌಂಟರಿನ ಕಟ್ಟೆಯ ಹತ್ತಿರ ಹೋಗಿ ನಾವೇ ತರಬೇಕು. ವಸೀಮ್ ಎದ್ದ. ಒಬ್ಬನಿಗೆ ಐದು ಕಪ್ಪು ಹೇಗಾಗುತ್ತದೆಂದು ಮುಸ್ಕಾನ್ ದುಪಟ್ಟಾ ಸರಿಮಾಡಿಕೊಂಡು ಹಿಂದೆಯೇ ಹೋದಳು. ಮಾಸುಮಾಬಿ ದೂರದಿಂದ ನೋಡುತ್ತಿದ್ದಳು. ಕರಿ ಏಪ್ರನ್ ಕಟ್ಟಿದವನೊಬ್ಬ ಒಗ್ಗರಣೆ ಮಂಡಕ್ಕಿಗೆ ಪೊಟ್ಟಣ ಕಟ್ಟುವ ಹಾಗೆ ಕಾಗದ ಮಡಚಿ, ಗಾಜಿನ ಲಾಳಿಕೆಯಲ್ಲಿಟ್ಟು, ಪುಡಿ ಹಾಕಿ, ಕೊಕ್ಕರೆಯ ಕುತ್ತಿಗೆಯಂಥ ಕೆಟಲಿನಿಂದ ಸುತ್ತಲೂ ಬಿಸಿನೀರು ಬಿಡುತ್ತಿದ್ದ. ಕಾಲುವೆಯ ಕೊನೆಯ ಗದ್ದೆಗೆ ನೀರು ಬಂದ ಹಾಗೆ, ಬಂತು ಎನ್ನುವುದರೊಳಗೆ ನಿಲ್ಲುತ್ತಿತ್ತು. ಮೊದಲ ಕಪ್ಪು ತುಂಬುವುದರೊಳಗೆ ಸಿರುಗುಪ್ಪದಲ್ಲಿ ಒಂದು ಬೆಳೆ ಕೊಯ್ಲಿಗೆ ಬಂದಿರಬೇಕು. ಅಷ್ಟೂ ಹೊತ್ತು ಹುಡುಗ ಹುಡುಗಿ ಕಟ್ಟೆಗೆ ಒರಗಿ ಏನೋ ಮಾತಾಡುತ್ತಿದ್ದರು. ಮುಸ್ಕಾನ್ ಒಮ್ಮೆ ಬಗ್ಗಿ ಲಾಳಿಕೆಯೊಳಗೆ ಇಣುಕಿದಳು, ಒಮ್ಮೆ ಏನನ್ನೋ ಕೈಗೆತ್ತಿಕೊಂಡು ಇಟ್ಟಳು. ಆಮೇಲೆ ತಲೆಯ ಮೇಲೆ ದುಪಟ್ಟಾ, ಕೈಯಲ್ಲಿ ಟ್ರೇ, ಕಣ್ಣು ನೆಲದ ಮೇಲೆ. ಅದೇ ನಡಿಗೆ. ಮಾಸುಮಾಬಿಯ ಎದೆ ತುಂಬಿಬಂತು. ಅಂಗಡಿ ಮರೆತಳು, ಏಸಿ ಮರೆತಳು. ಮೊದಲ ಕಪ್ಪು ಅವಳ ಮುಂದೆ ಬಂತು.

ಗುಟುಕು ಕುಡಿದಳು. ಹಾಲಿಲ್ಲ, ಸಕ್ಕರೆ ಇಲ್ಲ. ಬೇವಿನ ಚೆಕ್ಕೆ ಕುದಿಸಿ, ಆ ಬೇವಿಗೂ ಬೇಸರವಾಗುವಂತೆ ಮಾಡಿದ ಕಹಿ. ಇಂಥ ಕಹಿಯನ್ನು ಅವಳ ಜೀವಮಾನದಲ್ಲಿ ಯಾವ ಹುಡುಗಿಯೂ ಕೊಟ್ಟಿರಲಿಲ್ಲ. ಅವಳ ಬುದ್ಧಿ ಯೋಚಿಸುವುದರೊಳಗೆ ಕೈ ಮೊಣಕಾಲು ಮುಟ್ಟಿತ್ತು, ಬಾಯಿ "ಯಾ ಅಲ್ಲಾ" ಎಂದಿತ್ತು.

ಸುಲ್ತಾನಾ ತನ್ನ ಕಪ್ಪನ್ನು ಮುಟ್ಟದೆ ಎದ್ದು ನಿಂತಳು. "ಏಳು ವಸೀಮ್. ಹೋಗೂನು ನಡಿ."

ನನ್ನೇಸಾಬನ ಮುಖ ಹೊಟ್ಟಿನ ಬಣ್ಣಕ್ಕೆ ತಿರುಗಿತು. ಸೋಫಾದಿಂದ ಏಳಲು ಹೋದವನು ಇನ್ನಷ್ಟು ಮುಳುಗಿದ. ಮುಸ್ಕಾನ್ ಬಗ್ಗಿ ಮಾಸುಮಾಬಿಯ ಕಿವಿಯಲ್ಲಿ ಹೇಳಿದಳು:

"ಖಾಲಾ, ಈ ಕಾಫಿ ನಾ ಮಾಡಿದ್ದಲ್ಲ. ಎಲ್ಲಾರ ಕಪ್ಪಿನಾಗೂ ಹಿಂಗ ಐತಿ."

ಮಾಸುಮಾಬಿ ನೋಡಿದಳು. ಎದುರಿಗೆ ವಸೀಮ್ ಕಣ್ಣು ಮುಚ್ಚಿಕೊಂಡು ಒಂದು ಗುಟುಕು ನುಂಗಿ, ಅದು ಗಂಟಲಿನಲ್ಲಿ ಎಲ್ಲಿದೆಯೆಂದು ಮುಖದಲ್ಲೇ ತೋರಿಸುತ್ತಿದ್ದ. ಆಗ ಅವಳಿಗೆ ತನ್ನ ತಪ್ಪು ತಿಳಿಯಿತು. ಕೂಡ್ರಿ ಕೂಡ್ರಿ ಎಂದು ಸುಲ್ತಾನಾಳ ಕೈ ಹಿಡಿದಳು, ಏಸಿಯ ಥಂಡಿಗೆ ಹಿಡಿಯಿತು, ಬೇರೆ ಏನಲ್ಲ ಎಂದಳು. ಸುಲ್ತಾನಾ ಕೂರಲಿಲ್ಲ. ಆ ಮೊಣಕಾಲು ಎಂದೂ ಸುಳ್ಳು ಹೇಳಿಲ್ಲ ಎಂದು ಮೆಲ್ಲಗೆ ಹೇಳಿ ಕೈ ಬಿಡಿಸಿಕೊಂಡಳು.

ಮೊಣಕಾಲಿನ ಗುಟ್ಟು ಒಡೆದರೆ ಮುಸ್ಕಾನ್ ಉಳಿಯುತ್ತಿದ್ದಳು. ಮಾಸುಮಾಬಿಯ ಬಾಯಿಗೆ ಮಾತು ಬಂದೂ ಇತ್ತು. ಆದರೆ ಅದು ಅವಳೊಬ್ಬಳ ಗುಟ್ಟಾಗಿರಲಿಲ್ಲ. ಸಿರಿಗೇರಿ, ಕರೂರು, ತೆಕ್ಕಲಕೋಟೆಯ ಅದೆಷ್ಟೋ ಅಡುಗೆಮನೆಗಳಲ್ಲಿ ಸಕ್ಕರೆ ಮರೆತ ಹುಡುಗಿಯರು ಈಗ ಎಲ್ಲೆಲ್ಲೋ ಯಾರ ಯಾರದೋ ಮನೆ ನಡೆಸುತ್ತಿದ್ದರು. ಇಲ್ಲಿ ಗಂಡಸರ ಮುಂದೆ ಬಾಯಿಬಿಟ್ಟರೆ ಅಲ್ಲಿ ಅವರಿಗೆ ಬಿಸಿ ತಟ್ಟುತ್ತಿತ್ತು. ಅವಳು ಬಾಯಿ ಮುಚ್ಚಿದಳು. ಕಣ್ಣಲ್ಲಿ ನೀರು ಬಂತು. ನೋಡಿದವರು ಮೊಣಕಾಲು ಬಹಳ ನೋಯುತ್ತಿದೆ ಎಂದುಕೊಂಡರು.

ಮುಸ್ಕಾನ್ ಎಲ್ಲರನ್ನೂ ಒಂದು ಸುತ್ತು ನೋಡಿದಳು. ಆಮೇಲೆ ಸುಲ್ತಾನಾಳ ಕಡೆ ತಿರುಗಿದಳು.

"ಮೊಣಕಾಲು ಖಾಲಾಂದು. ಮದುವಿ ನಂದು. ನನಗ ಒಪ್ಪಿಗಿ ಐತಿ."

ಅಂಗಡಿಯ ಕಾಫಿ ಯಂತ್ರವೂ ಬುಸುಗುಡುವುದನ್ನು ನಿಲ್ಲಿಸಿತೆಂದು ಆಮೇಲೆ ನನ್ನೇಸಾಬ ಹೇಳುತ್ತಿದ್ದ. ಅವನು ಆಡುವುದೇ ವರ್ಷಕ್ಕೆ ಒಂದೆರಡು ಮಾತಾದ್ದರಿಂದ ನಂಬಬಹುದು.

ಸುಲ್ತಾನಾ ಕೇಳಿದಳು, ಅಷ್ಟು ಬೇಗ ಹೆಂಗ ಒಪ್ಪಿದಿ ಎಂದು. ಮುಸ್ಕಾನ್ ತಲೆ ತಗ್ಗಿಸದೆ ಹೇಳಿದಳು. ಕಾಫಿ ಸೋಸುವ ಹೊತ್ತಿನಲ್ಲಿ ವಸೀಮ್ ಎಲ್ಲ ಹೇಳಿದ್ದನಂತೆ: ಒಂದು ಟಿಪ್ಪರು ತನ್ನದು, ಇನ್ನೊಂದು ಮಾವನದು. ಈ ಅಂಗಡಿಗೆ ತಾನೂ ಇದೇ ಮೊದಲು ಬಂದದ್ದು, ಗಾಜಿನ ಬಾಗಿಲು ನೂಕುವುದೋ ಎಳೆಯುವುದೋ ತಿಳಿಯದೆ ಹೊರಗೆ ನಿಂತು ಬೇರೆಯವರು ಹೋಗುವುದನ್ನು ಕಾದಿದ್ದು. ಮೊದಲ ದಿನವೇ ಇದನ್ನೆಲ್ಲ ಹೇಳಿಕೊಂಡ ಗಂಡಸನ್ನು ತಾನು ನೋಡಿರಲಿಲ್ಲ ಎಂದಳು. ವಸೀಮ್ ಕಾಲರು ಹಿಡಿದುಕೊಂಡು ನೆಲ ನೋಡಿದ.

ಸುಲ್ತಾನಾ ನಿಧಾನವಾಗಿ ಕೂತಳು, ಮಾಸುಮಾಬಿಯ ಪಕ್ಕಕ್ಕೇ. ಗಂಡಸರಿಗೆ ಕೇಳದ ಹಾಗೆ ಅಂದಳು:

"ನಾನೂ ನಿಮಗ ಚಾ ಮಾಡಿ ಕೊಟ್ಟಾಕಿ, ಆಪಾ. ತೆಕ್ಕಲಕೋಟ್ಯಾಗ. ಏಲಕ್ಕಿನೂ ಹಾಕಿದ್ದೆ. ಇವತ್ತು ನೀವು ಮೊಣಕಾಲು ಹಿಡಿದ ಕೂಡ್ಲೆ ಹುಡುಗಿಗೆ ಮನಸ್ಸಿಲ್ಲ ಅನಿಸ್ತು. ಮನಸ್ಸಿಲ್ಲದಾಕಿನ್ನ ಹೆಂಗ ಮನಿಗೆ ಕರ್ಕೊಂಡು ಹೋಗ್ಲಿ, ಅದಕ್ಕ ಎದ್ದೆ."

ಮಾಸುಮಾಬಿಗೆ ಆ ಮುಖ ನೆನಪಾಗಲಿಲ್ಲ, ಏಲಕ್ಕಿ ನೆನಪಾಯಿತು. ತೆಕ್ಕಲಕೋಟೆಯ ಕಲ್ಲಿನ ಮನೆ, ಮಳೆಗಾಲದ ಮಧ್ಯಾಹ್ನ, ಸಕ್ಕರೆ ಎಷ್ಟಿತ್ತೆಂದರೆ ಕುಡಿದು ಇಟ್ಟ ಕಪ್ಪಿಗೆ ಸಿರುಗುಪ್ಪದ ಇರುವೆಗಳೂ ಪ್ರಯಾಣ ಹೊರಟಿದ್ದವು. ಇಬ್ಬರೂ ನಕ್ಕರು. ಏಕೆಂದು ನನ್ನೇಸಾಬನಿಗೆ ತಿಳಿಯಲಿಲ್ಲ, ಆದರೂ ಸೋಫಾದೊಳಗಿಂದ ಅವನೂ ನಕ್ಕ.

ಸಂಜೆಯ ಬಸ್ಸಿನಲ್ಲಿ ಮಾಸುಮಾಬಿ ಕಿಟಕಿಯ ಪಕ್ಕ ಕೂತಿದ್ದಳು, ಮುಸ್ಕಾನ್ ಅವಳ ಹೆಗಲಿಗೆ ತಲೆ ಇಟ್ಟಿದ್ದಳು. ಲಾರಿಗಳ ಸಾಲು ಮುಗಿದು, ಧೂಳು ಹಿಂದೆ ಬಿದ್ದು, ಹಸಿರು ಗದ್ದೆಗಳು ಶುರುವಾದವು. ಇನ್ನು ಮುಂದೆ ಎಲ್ಲರೂ ಆ ಅಂಗಡಿಗೇ ಹೋಗುತ್ತಾರೆ, ಅಡುಗೆಮನೆಯಲ್ಲಿ ಜಡೆ ಬಿಚ್ಚಿ ಕೂರುವವರಿಲ್ಲ ಎಂದು ಅವಳಿಗೆ ಹೊಳೆಯಿತು. ಇಷ್ಟು ವರ್ಷ ಎಷ್ಟೋ ಹುಡುಗಿಯರ ಒಪ್ಪಿಗೆಯನ್ನು ಅವಳು ಕುಡಿದಿದ್ದಳು, ಒಮ್ಮೆಯೂ ಕಿವಿಯಾರೆ ಕೇಳಿರಲಿಲ್ಲ.

"ಬೇಟಿ," ಎಂದಳು, "ಅಲ್ಲಿ ಏನಂದಿ? ಇನ್ನೊಮ್ಮಿ ಅನ್ನು."

ಮುಂದಿನ ಸೀಟಿನಲ್ಲಿ ಅಪ್ಪ ಕೂತಿದ್ದ. ಮುಸ್ಕಾನ್ ಈಗ ನಾಚಿದಳು. ದುಪಟ್ಟಾದ ಅಂಚು ಬಾಯಿಗೆ ಅಡ್ಡ ಹಿಡಿದು, ಮುದುಕಿಯ ಕಿವಿಯಲ್ಲಿ ಹೇಳಿದಳು. ಮಾಸುಮಾಬಿ ಗದ್ದೆಗಳ ಕಡೆ ಮುಖ ಮಾಡಿ ಕೇಳಿಸಿಕೊಂಡಳು.