ಏಣಿ ಮುರಿದಿಲ್ಲ

ನಮ್ಮ ದೊಡ್ಡಮ್ಮನನ್ನು ಹಟಮಾರಿ ಎಂದರೆ ಅವಳಿಗೆ ಕೋಪ ಬರುವುದಿಲ್ಲ. ಒಳ್ಳೆಯವಳು ಎಂದರೆ ಬರುತ್ತದೆ. ಒಳ್ಳೆಯವಳು ಎಂದು ಶುರುಮಾಡಿದವರು ಕೊನೆಗೆ ಏನಾದರೂ ಬಿಟ್ಟಿ ಕೆಲಸ ಹೇಳಿಯೇ ಹೋಗುತ್ತಾರೆ ಎಂಬುದು ಅವಳ ಅನುಭವ. ಅವಳು ಅಮ್ಮನ ಅಕ್ಕ. ಮದುವೆಯ ಗೋಜಿಗೆ ಹೋಗಲಿಲ್ಲ. ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಅಮ್ಮ, ದೊಡ್ಡಮ್ಮ, ನಾನು, ಮೂವರೂ ಒಟ್ಟಿಗೆ ಇದ್ದೇವೆ. ಅಮ್ಮ ಬಟ್ಟೆ ಹೊಲಿಯುತ್ತಾಳೆ, ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ದೊಡ್ಡಮ್ಮ ಕಾಮಿಕ್ಸ್ ಪುಸ್ತಕಗಳಲ್ಲಿ ಮಾತು ಬರೆಯುತ್ತಿದ್ದಳು.

ಮಾತು ಬರೆಯುವುದೆಂದರೆ ಕಥೆ ಬರೆಯುವುದಲ್ಲ. ಕಥೆಯವರು ಬೇರೆ, ಚಿತ್ರದವರು ಬೇರೆ. ಚಿತ್ರದಲ್ಲಿರುವವರ ಬಾಯಿಯ ಪಕ್ಕ ಒಂದು ಬಿಳಿ ಗುಳ್ಳೆ ಇರುತ್ತದಲ್ಲ, ಅದರೊಳಗೆ ಅವರ ಮಾತನ್ನು ನಿಬ್ಬಿನಿಂದ ಅಂದವಾಗಿ ಬರೆದು ಕೂರಿಸುವುದು ಇವಳ ಕೆಲಸ. ಕೂಗಿದರೆ ಅಕ್ಷರ ದಪ್ಪ, ಪಿಸುಗುಟ್ಟಿದರೆ ಸಣ್ಣ, ನಡುಗಿದರೆ ಅಂಕುಡೊಂಕು. ಎಲ್ಲ ಕಡೆ ಕಂಪ್ಯೂಟರ್ ಬಂದ ಮೇಲೂ ಇವಳ ಮಾಲೀಕರು ಕೈಬರಹವನ್ನು ಬಿಟ್ಟಿರಲಿಲ್ಲ, ಯಾಕೆಂದರೆ ಓದುಗರಿಗೆ ಆ ಅಕ್ಷರವೇ ರೂಢಿಯಾಗಿತ್ತು. ಅವಳ ಹೆಸರು ಮಾತ್ರ ಯಾವ ಪುಟದಲ್ಲೂ ಇರಲಿಲ್ಲ. ಅದರ ಬಗ್ಗೆ ಅವಳಿಗಿಂತ ನನಗೇ ಹೆಚ್ಚು ಸಿಟ್ಟು.

ಮಾಲೀಕರ ಅನ್ನದಾತ ಏಣಿವೀರ ಎಂಬ ಕಾಮಿಕ್ಸ್ ನಾಯಕ. ಅವನಿಗೆ ಹಾರಲು ಬರುವುದಿಲ್ಲ, ಗೋಡೆ ಒಡೆಯಲು ಬರುವುದಿಲ್ಲ. ಹೆಗಲ ಮೇಲೆ ಏಣಿ ಹೊತ್ತು ಊರೆಲ್ಲ ತಿರುಗುತ್ತಾನೆ, ಬೆಂಕಿ ಬಿದ್ದ ಮನೆಗಳಿಂದ ಜನರನ್ನು ಕೆಳಗಿಳಿಸುತ್ತಾನೆ, ಅಷ್ಟೇ. ಜೊತೆಗೆ ಬಕೀಟು ಎಂಬ ಕುಳ್ಳ ಗೆಳೆಯ. ಒಬ್ಬ ಹತ್ತಿದರೆ ಇನ್ನೊಬ್ಬ ಏಣಿಯ ಬುಡ ಹಿಡಿಯಬೇಕು, ಅದು ಅವರಿಬ್ಬರ ಕಟ್ಟಳೆ. ಏಣಿವೀರ ಮೊದಲ ಸಲ ಬಾಯಿ ತೆರೆದ ದಿನದಿಂದ ಅವನ ಪ್ರತಿ ಮಾತನ್ನೂ ಬರೆದವಳು ದೊಡ್ಡಮ್ಮ. ಅವನ ಗುಳ್ಳೆ ಬರೆಯುವಾಗ ಅಮ್ಮ ಹೊಲಿಗೆ ಯಂತ್ರ ತುಳಿಯುವ ಹಾಗಿರಲಿಲ್ಲ. ಗಂಡ ಮಲಗಿದ್ದಾನೇನೋ ಎನ್ನುವ ಹಾಗೆ ಆಡುತ್ತಾಳೆ ಎಂದು ಅಮ್ಮ ಗೊಣಗುತ್ತಿದ್ದಳು.

ಹಳೆಯ ಕಥೆಗಾರರು ವಯಸ್ಸಾಗಿ ಬಿಟ್ಟ ಮೇಲೆ ಹೊಸಬ ಬಂದ. ಓದುಗರು ಅವನಿಗಿಟ್ಟ ಹೆಸರು ಕೊಡಲಿ. ಕಂಡದ್ದನ್ನೆಲ್ಲ ಕಡಿಯುತ್ತಾನೆ ಎಂದು ಬೈಯುವವರೂ ಹಾಗೆ ಕರೆಯುತ್ತಾರೆ, ಕೊಳೆತದ್ದನ್ನು ಕಡಿಯುತ್ತಾನೆ ಎಂದು ಹೊಗಳುವವರೂ ಹಾಗೇ ಕರೆಯುತ್ತಾರೆ. ಓದುಗರಿಗೆ ನಿನ್ನೆಯ ಊಟವನ್ನೇ ಬಿಸಿಮಾಡಿ ಬಡಿಸಿದರೆ ಸಾಕು, ನಾನು ಹಾಗೆ ಬಡಿಸುವವನಲ್ಲ ಎಂದು ಅವನು ಪತ್ರಿಕೆಯಲ್ಲಿ ಹೇಳಿಕೊಂಡಿದ್ದ. ನನಗೆ ಅವನೆಂದರೆ ಪ್ರಾಣ. ದೊಡ್ಡಮ್ಮನಿಗೆ ಅವನನ್ನು ಕಂಡರಾಗದು. ಪುಟ್ಟ ಗುಳ್ಳೆಗೆ ಪುಟಗಟ್ಟಲೆ ಮಾತು ಕೊಡುತ್ತಾನೆ, ಮೂಗಿಗಿಂತ ಮೂಗುತಿ ಭಾರ ಎಂದು ಅವಳು ಹಾಳೆ ವಾಪಸು ಕಳಿಸುತ್ತಿದ್ದಳು. ಅವನು ಅದನ್ನು ಇನ್ನಷ್ಟು ಉದ್ದ ಮಾಡಿ ಕಳಿಸುತ್ತಿದ್ದ.

ಹೀಗಿರುವಾಗ ಆ ಸಂಚಿಕೆ ಬಂತು. ಬಟ್ಟೆ ಗಿರಣಿಗೆ ಬೆಂಕಿ ಬಿದ್ದಿದೆ. ಬಕೀಟು ಮೇಲೆ ಹತ್ತಿದ್ದಾನೆ, ಏಣಿವೀರ ಬುಡ ಹಿಡಿದಿದ್ದಾನೆ. ಉರಿಯುವ ತೊಲೆಯೊಂದು ಪಕ್ಕದಲ್ಲಿ ಬೀಳುತ್ತದೆ. ಏಣಿವೀರ ಹಾರಿ ಹಿಂದೆ ಸರಿಯುತ್ತಾನೆ, ಏಣಿ ಜಾರುತ್ತದೆ, ಬಕೀಟು ಬಿದ್ದು ಸಾಯುತ್ತಾನೆ. ಕೊನೆಯ ಚಿತ್ರದಲ್ಲಿ ಏಣಿವೀರ ಬಕೀಟುವಿನ ತಾಯಿಯ ಮುಂದೆ ನಿಂತು ಹೇಳುತ್ತಾನೆ: “ನನಗೆ ಹೆದರಿಕೆಯಾಯಿತು. ಬಿಟ್ಟುಬಿಟ್ಟೆ.” ಅಷ್ಟುದ್ದ ಬರೆಯುವ ಮನುಷ್ಯ ಅಲ್ಲಿ ಮಾತ್ರ ಇಷ್ಟೇ ಬರೆದಿದ್ದ.

ದೊಡ್ಡಮ್ಮ ಅದನ್ನು ಬರೆದಳು, ನಿಬ್ಬು ತೊಳೆದಳು, ಊಟ ಬೇಡ ಎಂದು ಮಲಗಿದಳು. ಮಾರನೆಯ ದಿನ ಮನೆಯಲ್ಲಿ ಕುರುಕ್ಷೇತ್ರ. ಧೈರ್ಯವಂತನಿಗೂ ಒಂದು ಸಲ ಹೆದರಿಕೆಯಾದೀತು, ಅದು ನಿಜವಾದ ಕಥೆ ಎಂದು ನಾನು. ಅವನ ಬಾಯಿಯ ಮಾತನ್ನೆಲ್ಲ ಬರೆದವಳು ನಾನು, ಅವನು ಬಿಡುವವನಲ್ಲ ಎಂದು ನನಗೆ ಗೊತ್ತು, ನಿನ್ನ ಕೊಡಲಿಗೆ ಗೊತ್ತಿಲ್ಲ ಎಂದು ಅವಳು. ಅಮ್ಮ ಏಣಿವೀರನ ಒಂದು ಪುಟವನ್ನೂ ಓದಿದವಳಲ್ಲ. ಇಬ್ಬರಿಗೂ ಬುದ್ಧಿ ಇಲ್ಲ ಎಂದು ತೀರ್ಪು ಕೊಟ್ಟಳು.

ಸಂಚಿಕೆ ಅಂಗಡಿಗೆ ಬಂದ ಮೇಲೆ ಊರೇ ನಮ್ಮ ಮನೆಯಾಯಿತು, ಓದುಗರಲ್ಲಿ ಎರಡು ಪಂಗಡ. ಬಿಟ್ಟಿದ್ದು ಸರಿ ಎನ್ನುವವರು ಬಿಟ್ಟವರು, ಅವನು ಹಿಡಿದೇ ಇರಬೇಕಿತ್ತು ಎನ್ನುವವರು ಹಿಡಿದವರು. ನಮ್ಮ ಅಂಗಡಿಯಲ್ಲಿ ಒಬ್ಬರು ಕಣ್ಣಿನ ಪರೀಕ್ಷೆಗೆ ಕೂತಲ್ಲೇ, ನೀವು ಯಾವ ಕಡೆ ಎಂದು ಕೇಳಿದರು. ಹಿಡಿದವರ ನಾಯಕಿ ಒಬ್ಬ ಹಲ್ಲಿನ ಡಾಕ್ಟರು. ಚಿಕ್ಕಂದಿನಿಂದ ಓದಿದ ಎಲ್ಲ ಸಂಚಿಕೆಗಳನ್ನೂ ಜೋಪಾನ ಮಾಡಿದ ಹೆಂಗಸು. ಕೊಡಲಿಯನ್ನು ತೆಗೆದುಹಾಕಬೇಕು ಎಂದು ಮನವಿ ಬರೆದು ಮನೆಮನೆಗೆ ಒಯ್ದರು. ನಮ್ಮ ಮನೆಗೆ ಬಂದಾಗ ದೊಡ್ಡಮ್ಮ ಮುತ್ತಿನಂಥ ಅಕ್ಷರದಲ್ಲಿ ಸಹಿ ಹಾಕಿದಳು. ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತೆ.

ಮಾಲೀಕರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಕೊಡಲಿಯನ್ನು ತೆಗೆದರೆ ಬಿಟ್ಟವರು ಓದುವುದಿಲ್ಲ, ಇಟ್ಟುಕೊಂಡರೆ ಹಿಡಿದವರು ಓದುವುದಿಲ್ಲ. ಹಾಗಾಗಿ ದೊಡ್ಡಮ್ಮನನ್ನು ಕೋಣೆಗೆ ಕರೆದು, ನೀವು ಒಳ್ಳೆಯವರು ಎಂದು ಶುರುಮಾಡಿದರು. ಎಲ್ಲ ಸಂಚಿಕೆ ಸೇರಿಸಿ ದಪ್ಪ ಸಂಪುಟ ತರುತ್ತಿದ್ದೇವೆ, ಚಿತ್ರ ಹಾಗೇ ಇರಲಿ, ಕೊನೆಯ ಗುಳ್ಳೆಯ ಮೇಲೆ ಬಿಳಿ ಬಣ್ಣ ಹಚ್ಚಿ, “ಏಣಿ ಮುರಿಯಿತು. ನಾನೇನು ಮಾಡಲಿ?” ಎಂದು ಬರೆದುಬಿಡಿ ಎಂದರು. ಅವಳು ಆಗುವುದಿಲ್ಲ ಎಂದಳು. ನಿಮಗೂ ಆ ಕಥೆ ಇಷ್ಟವಿಲ್ಲವಲ್ಲ, ಸಹಿ ನೋಡಿದ್ದೇನೆ ಎಂದು ಅವರು ನಕ್ಕರು. ಇಷ್ಟವಿಲ್ಲದ್ದಕ್ಕೇ ಆಗುವುದಿಲ್ಲ, ಬೈಯುವುದಕ್ಕಾದರೂ ಅದು ಅಲ್ಲಿ ಇರಬೇಕು ಎಂದು ಹೇಳಿ ಎದ್ದು ಬಂದಳು.

ಆಶ್ಚರ್ಯವೆಂದರೆ ಮಾಲೀಕರು ಮುನಿಯಲಿಲ್ಲ. ಅದು ಹೋಗಲಿ ಬಿಡಿ, ಮುಂದೆ ಬರುವ ಹೊಸಬರಿಗೆ ಕಲಿಯಲು ನಿಮ್ಮ ಅಕ್ಷರವನ್ನೆಲ್ಲ ಒಂದು ಸಲ ಬರೆದುಕೊಡಿ ಎಂದು ಕೇಳಿದರು. ದೊಡ್ಡಮ್ಮ ಹಿಗ್ಗಿಹೋದಳು. ಅಮ್ಮ ಹಾಳೆಗಳಿಗೆ ಗೆರೆ ಹಾಕಿಕೊಟ್ಟಳು. ಇಡೀ ಕಾಗುಣಿತ, ಒತ್ತಕ್ಷರ ಸಮೇತ, ದಪ್ಪ, ಸಣ್ಣ, ನಡುಗುವುದು, ಎಲ್ಲವನ್ನೂ ಶಾಲೆಯ ಹುಡುಗಿಯ ಹಾಗೆ ನಾಲಿಗೆ ಕಚ್ಚಿಕೊಂಡು ಬರೆದಳು. ಇಷ್ಟು ವರ್ಷಗಳಲ್ಲಿ ನನ್ನ ಕೆಲಸವನ್ನು ಒಬ್ಬರು ಕಲಿಯಬೇಕು ಅಂದರಲ್ಲ ಎಂದು ನನ್ನೆದುರು ಹೇಳಿಕೊಂಡಳು.

ಸಂಪುಟ ಬಂತು. ನಾನೇ ಕೊಂಡು ತಂದೆ, ಕೊನೆಯ ಪುಟ ತೆರೆದು ಅವಳ ಮುಂದಿಟ್ಟೆ. ಏಣಿ ಮುರಿಯಿತು. ನಾನೇನು ಮಾಡಲಿ? ಅವಳದೇ ಅಕ್ಷರ. ಒಂದು ಕ್ಷಣ ನನಗೇ ಅನುಮಾನ ಬಂತು, ಮನೆಯಲ್ಲಿ ಒಂದು ಹೇಳಿ ಅಲ್ಲಿ ಒಂದು ಮಾಡಿದಳೇ ಎಂದು. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು. ಎಲ್ಲ ಅಕ್ಷರಗಳೂ ಅಚ್ಚೊತ್ತಿದಂತೆ ಒಂದೇ ಅಳತೆ, ಒಂದೇ ಬಾಗು. ಬರೆದುಕೊಟ್ಟ ಕಾಗುಣಿತವನ್ನು ಕಂಪ್ಯೂಟರಿಗೆ ತುಂಬಿ ಅದರಿಂದ ಬರೆಸಿದ್ದರು. ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ. ಅವಳು ಅಳಲಿಲ್ಲ, ನಾನು ಅತ್ತೆ. ಅವಳ ಮುಖ ಕೆಂಪಾಗಿತ್ತು. ಬೇಡ ಅಂದದ್ದನ್ನ ನನ್ನ ಕೈಯಲ್ಲೇ ಬರೆಸಿದರಲ್ಲ ಎಂದು ಮಾತ್ರ ಹೇಳಿದಳು.

ಓದುಗರು ವರ್ಷಕ್ಕೊಮ್ಮೆ ಶಾಲೆಯೊಂದರ ಸಭಾಂಗಣದಲ್ಲಿ ಸೇರುತ್ತಾರೆ. ಸಂಪುಟಕ್ಕೆ ಕಥೆಗಾರನ ರುಜು ಹಾಕಿಸಿಕೊಳ್ಳುತ್ತಾರೆ, ಜಗಳವಾಡುತ್ತಾರೆ, ಮನೆಗೆ ಹೋಗುತ್ತಾರೆ. ದೊಡ್ಡಮ್ಮ ಅಮ್ಮನ ಹತ್ತಿರ ಬಟ್ಟೆ ಕತ್ತರಿಸುವ ಸಣ್ಣ ಮೇಜನ್ನು ಕೇಳಿದಳು. ಏನು ಮಾಡಲಿದ್ದಾಳೆಂದು ಗೊತ್ತಾದಾಗ ಅಮ್ಮ ಹೌಹಾರಿದಳು. ಮಾಲೀಕರು ಇನ್ನೂ ಕೆಲಸ ಕೊಡುತ್ತಿದ್ದಾರೆ, ತೆಪ್ಪಗಿದ್ದರೆ ಕೊಡುತ್ತಲೇ ಇರುತ್ತಾರೆ, ಈ ವಯಸ್ಸಿನಲ್ಲಿ ಇನ್ಯಾರು ನಿನ್ನನ್ನು ಕರೆಯುತ್ತಾರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕೇ ಎಂದು ಕೇಳಿದಳು. ಜುಟ್ಟೇ ಅವರ ಕೈಯಲ್ಲಿದೆ, ಹೂವಿನ ಮಾತೆಲ್ಲಿ ಬಂತು ಎಂದು ದೊಡ್ಡಮ್ಮ. ಕೊನೆಗೆ ಮೇಜನ್ನು ಮಹಡಿಯಿಂದ ಇಳಿಸಿ ಆಟೋಗೆ ಏರಿಸಿದ್ದು ಅಮ್ಮನೇ.

ಸಭಾಂಗಣದ ಬಾಗಿಲ ಪಕ್ಕ ಮೇಜು ಹಾಕಿದೆವು. ಶಾಯಿ, ನಿಬ್ಬು, ಬಿಳಿ ಬಣ್ಣ, ಬಣ್ಣ ಒಣಗಿಸಲು ನನ್ನ ಕೈಯಲ್ಲೊಂದು ಬೀಸಣಿಗೆ. ಒಂದು ರಟ್ಟಿನ ಮೇಲೆ ದೊಡ್ಡಮ್ಮ ಬರೆದು ನಿಲ್ಲಿಸಿದ್ದಳು: ಏಣಿ ಮುರಿದಿಲ್ಲ. ಪುಸ್ತಕ ಕೊಡಿ, ಸರಿಮಾಡಿ ಕೊಡುತ್ತೇನೆ.

ಮೊದಲು ಬಂದವರು ಬಿಟ್ಟವರೇ. ಸುಳ್ಳನ್ನು ಬಿಳಿ ಬಣ್ಣದಲ್ಲಿ ಮುಚ್ಚಿ, ಒಣಗಿದ ಮೇಲೆ ಮೊದಲಿನ ಮಾತನ್ನು ಬರೆದು ಕೊಟ್ಟಳು. ನೋಡುನೋಡುತ್ತಿದ್ದಂತೆ ಸಾಲು ಮೆಟ್ಟಿಲವರೆಗೆ ಬೆಳೆಯಿತು. ಅವರು ಜೈ ಎಂದರೆ ಅವಳು ಗದರಿದಳು. ಕಥೆ ಕೆಟ್ಟದ್ದು, ಓದಿ ನೋಡಿ, ನಿಮಗೇ ತಿಳಿಯುತ್ತದೆ ಎಂದು ಪುಸ್ತಕ ಕೊಟ್ಟಳು. ಸುದ್ದಿ ಕೇಳಿ ಕೊಡಲಿಯೇ ಬಂದ. ಅವನು ಕಣ್ಣು ತುಂಬಿಕೊಂಡು, ನನ್ನ ಪರವಾಗಿ ನಿಂತ ನಿಮ್ಮನ್ನು ಮರೆಯುವುದಿಲ್ಲ ಎಂದ. ನಿಮ್ಮ ಪರವಾಗಿ ಕೂತಿಲ್ಲ, ಹಿಂದಿನವರಿಗೆ ಅಡ್ಡ ನಿಂತಿದ್ದೀರಿ, ಸ್ವಲ್ಪ ಸರಿಯಿರಿ ಎಂದಳು. ಅವನು ಮುಖ ಊದಿಸಿಕೊಂಡು ಹೋದ. ನನ್ನ ಪ್ರೀತಿಯ ಕಥೆಗಾರನಿಗೆ ಹೀಗಾದರೂ ನನಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಮಾಲೀಕರು ಬಂದರು. ಜನರ ಮುಂದೆ ಕೂಗಾಡುವವರಲ್ಲ. ಬಗ್ಗಿ, ಮೆತ್ತಗೆ ಹೇಳಿದರು.

“ಈಗ ಎದ್ದರೆ ಸೋಮವಾರ ಎಂದಿನ ಹಾಗೆ ಕೆಲಸಕ್ಕೆ ಬನ್ನಿ. ಇಲ್ಲಾಂದ್ರೆ ನಿಮ್ಮ ದಾರಿ ನಿಮಗೆ.”

ದೊಡ್ಡಮ್ಮ ನಿಬ್ಬನ್ನು ಒರೆಸಿದಳು. ಅವಳಿಗೆ ಆ ಕೆಲಸ ಎಷ್ಟು ಬೇಕೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

“ನನ್ನ ಕಾಗುಣಿತ ನಿಮ್ಮ ಹತ್ತಿರಾನೇ ಇದೆಯಲ್ಲ. ಅದನ್ನೇ ಕೆಲಸಕ್ಕೆ ಕರೀರಿ,” ಎಂದಳು, ಮುಂದಿನವರ ಪುಸ್ತಕ ತೆಗೆದುಕೊಂಡಳು.

ಅವರು ಹೋದ ಮೇಲೆ ಅವಳ ಕೈ ಸ್ವಲ್ಪ ನಡುಗಿತು. ಆ ಪುಸ್ತಕದಲ್ಲಿ ಏಣಿವೀರನ ಮಾತು ಅಂಕುಡೊಂಕಾಗಿ ಬಂತು. ಪುಸ್ತಕದವರು ಅದನ್ನೇ ಇಷ್ಟಪಟ್ಟರು.

ಇಷ್ಟರಲ್ಲಿ ಹಲ್ಲಿನ ಡಾಕ್ಟರು ತಮ್ಮ ಕಡೆಯವರನ್ನು ಕಟ್ಟಿಕೊಂಡು ಬಂದರು. ಮನವಿಗೆ ಸಹಿ ಹಾಕಿದವಳು ಕೊಡಲಿಯ ಕೂಲಿಗೆ ಕೂತಿದ್ದಾಳೆ ಎಂದು ಹಿಂದಿನಿಂದ ಯಾರೋ ಅಂದರು. ಡಾಕ್ಟರು ಅವರನ್ನು ಸುಮ್ಮನಿರಿಸಿದರು. ಅವರಿಗೆ ಕೋಪಕ್ಕಿಂತ ನೋವೇ ಹೆಚ್ಚಾಗಿತ್ತು.

“ನೀವು ನಮ್ಮವರು ಅಂದ್ಕೊಂಡಿದ್ದೆ ಅಮ್ಮ. ಅವನು ಬಿಡೋನಲ್ಲ ಅಂತ ನೀವೇ ಅಂದಿದ್ರಿ.”

“ಈಗಲೂ ಅದೇ ಅಂತೀನಿ. ಅವನು ಬಿಡೋನಲ್ಲ.”

“ಮತ್ತೆ ಈ ಕೆಲಸ ಯಾಕೆ? ಅವನ ಮಾನ ಉಳಿಸಿದ ಮಾತನ್ನ ಯಾಕೆ ಅಳಿಸ್ತಿದೀರಿ?”

ದೊಡ್ಡಮ್ಮ ಅವರ ಕೈಲಿದ್ದ ಸಂಪುಟ ತೆರೆಸಿ ಕೊನೆಯ ಪುಟ ತೋರಿಸಿದಳು. ಏಣಿವೀರನ ಕಾಲ ಬಳಿ ಏಣಿ ಬಿದ್ದಿದೆ. ಒಂದು ಮೆಟ್ಟಿಲೂ ಮುರಿದಿಲ್ಲ. ಎದುರಿಗೆ ಮಗನನ್ನು ಕಳೆದುಕೊಂಡ ತಾಯಿ.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ಈ ತಾಯಿ ಮುಂದೆ ನಿಂತ್ಕೊಂಡು ಏಣಿ ಮುರಿದುಹೋಯ್ತು ಅಂತಾನಾ ನಮ್ಮ ಏಣಿವೀರ? ಕೊಡಲಿ ಅವನನ್ನ ಹೇಡಿ ಮಾಡಿದ, ಅದಕ್ಕೆ ನಾನು ಅವನನ್ನ ಸಾಯೋವರೆಗೂ ಬೈತೀನಿ. ಆದರೆ ಮಾಲೀಕರು ಅವನನ್ನ ಸುಳ್ಳ ಮಾಡಿದ್ರು, ಅದೂ ನನ್ನ ಕೈಲಿ. ಅವನು ಬಿಡೋನಲ್ಲ. ಒಂದು ವೇಳೆ ಬಿಟ್ಟಿದ್ರೆ, ಬಿಟ್ಟೆ ಅನ್ನೋನು.”

ನಾನು ಬೀಸಣಿಗೆ ಬೀಸುವುದನ್ನೇ ಮರೆತಿದ್ದೆ. ಮನೆಯಲ್ಲಿ ಅಷ್ಟು ದಿನ ಜಗಳವಾಡಿದರೂ ನನಗೆ ಹೊಳೆಯದ ಮಾತು ಅದು. ಡಾಕ್ಟರು ಆ ಚಿತ್ರವನ್ನೇ ನೋಡುತ್ತ ನಿಂತರು. ಬಾಲ್ಯದಿಂದ ಬಲ್ಲ ಮುಖವನ್ನು ನೋಡುವ ಹಾಗೆ ನೋಡಿದರು. ಅವರ ಹಿಂದೆ ಬಂದವರಲ್ಲಿ ಕೆಲವರು ಹೊರಟುಹೋದರು, ಒಬ್ಬರು ಹೋಗುತ್ತ ರಟ್ಟನ್ನು ಒದ್ದರು. ನಾನು ಅದನ್ನು ಎತ್ತಿ ನಿಲ್ಲಿಸಿದೆ.

ಡಾಕ್ಟರು ಸಾಲಿನ ಕೊನೆಗೆ ಹೋಗಿ ನಿಂತರು. ಅವರ ಸರದಿ ಬಂದಾಗ ಪುಸ್ತಕವನ್ನು ಮೇಜಿನ ಮೇಲೆ ಬಡಿದಿಟ್ಟರು.

“ಬರೀರಿ. ಆದರೆ ಕಥೆ ಮಾತ್ರ ಕೆಟ್ಟದ್ದೇ.”

“ಕೆಟ್ಟದ್ದೇ,” ಎಂದಳು ದೊಡ್ಡಮ್ಮ, ಬಿಳಿ ಬಣ್ಣಕ್ಕೆ ಕುಂಚ ಅದ್ದಿದಳು.