‘ಚಿಕಿತ್ಸೆ ಬೇಕಿಲ್ಲ’ ಎಂದು ಬರೆದವಳು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಕಸ ಗುಡಿಸಲು ಸೇರಿದವಳು ನೋಡಿ ನೋಡಿಯೇ ಕೆಲಸ ಕಲಿತು, ಇಪ್ಪತ್ತೆರಡು ವರ್ಷಗಳಿಂದ ಹಲ್ಲಿನ ಕೋಣೆಯಲ್ಲಿ ಇಕ್ಕಳ, ಕನ್ನಡಿ, ಹತ್ತಿ ಎತ್ತಿಕೊಡುತ್ತಿದ್ದಳು. ಕುರ್ಚಿ ಹತ್ತಲು ನಡುಗುವವರ ಕೈ ಹಿಡಿದು, ಮನಸ್ಸಿನಲ್ಲೇ ದೇವರನ್ನು ನೆನೆಯುವುದು ಅವಳ ರೂಢಿ. ಅಂಥ ತಣ್ಣನೆಯ ಹೆಂಗಸಿಗೆ ಆ ಸೋಮವಾರ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು.

ಯೋಜನಾ ಕಚೇರಿಯ ಅಧಿಕಾರಿ ಬಂದಿದ್ದರು. ಮೇಜಿನ ಮೇಲೆ ಸಮೀಕ್ಷೆಯ ಫಾರಂಗಳ ಕಟ್ಟು.

“ಈ ಊರಿಗೆ ಹಲ್ಲಿನ ಡಾಕ್ಟರ ಅಗತ್ಯ ಇಲ್ಲ. ಅರವತ್ತು ದಾಟಿದ ಇನ್ನೂರು ಜನರಲ್ಲಿ ನೂರ ನಲವತ್ತು ಜನಕ್ಕೆ ಚಿಕಿತ್ಸೆ ಬೇಕಿಲ್ಲ. ಈ ಹುದ್ದೆ ಬೇರೆ ಕಡೆಗೆ ಹೋಗುತ್ತೆ” ಎಂದರು.

ಎರಡು ವರ್ಷದ ಹಿಂದಷ್ಟೇ ಬಂದಿದ್ದ ಡಾಕ್ಟರಮ್ಮನ ಮುಖ ಬಿಳುಚಿಕೊಂಡಿತು. ಹಲ್ಲಕ್ಕನಿಗೆ ನಂಬಲಾಗಲಿಲ್ಲ. ಎರಡು ತಿಂಗಳು ಟಾರ್ಚು ಹಿಡಿದು ಮನೆಮನೆ ಸುತ್ತಿ ಆ ಬಾಯಿಗಳನ್ನೆಲ್ಲ ನೋಡಿದವಳು ಅವಳೇ. ಕಟ್ಟನ್ನು ಎಳೆದುಕೊಂಡು ಬಿಚ್ಚಿದಳು. ಮೂರನೆಯದೇ ಅವಳ ಅತ್ತೆಯದು. ಹಲ್ಲಿಗೊಂದರಂತೆ ಇದ್ದ ಮೂವತ್ತೆರಡು ಚೌಕಗಳಲ್ಲೂ ಅಡ್ಡಗೆರೆ. ಕೆಳಗೆ ಅವಳದೇ ದುಂಡು ಅಕ್ಷರ: ಚಿಕಿತ್ಸೆ ಬೇಕಿಲ್ಲ.

ಸಮೀಕ್ಷೆಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದು ಹಾಗೆಯೇ. ಹುಳುಕು ಇದ್ದರೆ ಗುರುತು ಹಾಕು. ಹಲ್ಲಿಲ್ಲದಿದ್ದರೆ ಗೆರೆ ಎಳೆ. ಹುಳುಕಿಲ್ಲದವರಿಗೆ ಚಿಕಿತ್ಸೆ ಬೇಕಿಲ್ಲ. ಅಂದು ಅತ್ತೆ ಬಾಯಿ ತೆರೆದು, “ಖಾಲಿ ಮನೇಲಿ ಏನೇ ಹುಡುಕ್ತಿದ್ದೀಯಾ?” ಎಂದು ನಕ್ಕಿದ್ದರು. ಇವಳೂ ನಕ್ಕು ಬರೆದಿದ್ದಳು. ಅದೇ ಅತ್ತೆ ಆರು ವರ್ಷಗಳಿಂದ ನೆನೆಸಿ ಕಿವುಚಿದ್ದನ್ನೇ ನುಂಗುತ್ತಿದ್ದರು. ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದರು.

“ಸಾರ್, ಈ ನೂರ ನಲವತ್ತು ಜನರ ಬಾಯಲ್ಲಿ ಹಲ್ಲೇ ಇಲ್ಲ.”

“ನಾನೂ ಅದನ್ನೇ ಹೇಳ್ತಿರೋದಮ್ಮ. ಹಲ್ಲೇ ಇಲ್ದಿದ್ರೆ ಹುಳುಕೆಲ್ಲಿಂದ ಬರುತ್ತೆ?”

“ಕಾಲು ಕತ್ತರಿಸಿದವನಿಗೆ ಕಾಲುನೋವಿಲ್ಲ, ಊರುಗೋಲು ಯಾಕೆ ಅಂತೀರಾ?”

ಅಧಿಕಾರಿಯ ನಗು ಅರ್ಧಕ್ಕೇ ನಿಂತಿತು. “ಬರೆದೋರು ನೀವೇ ಅಲ್ವಾ?”

ಮಾತು ಚುಚ್ಚಬೇಕಾದಲ್ಲೇ ಚುಚ್ಚಿತು.

“ಹೌದು, ನಾನೇ. ನೀವು ಹೇಳಿಕೊಟ್ಟ ಹಾಗೆ ಗಿಣಿ ಥರ ಬರೆದೆ. ದೇವರು ಕೇಳಿದ್ರೆ ಮೊದಲು ನಾನೇ ತಲೆ ತಗ್ಗಿಸಬೇಕು.”

ಡಾಕ್ಟರಮ್ಮ ಅವಳ ಮೊಣಕೈ ಮುಟ್ಟಿದರು. “ಅಕ್ಕಾ, ಬಿಡಿ.”

“ಯಾಕ್ರಮ್ಮಾ ಬಿಡ್ಲಿ? ನೀವು ಬರೋಕೆ ಮುಂಚೆ ವಾರಕ್ಕೊಂದೇ ದಿನ ಡಾಕ್ಟರ್ ಬಂದು ಹೋಗ್ತಿದ್ರು. ಹಲ್ಲು ಉಳಿಸೋಕೆ ಪುರುಸೊತ್ತು ಇರ್ಲಿಲ್ಲ. ಒಂದು ಬೆಳಗ್ಗೆ ನಲವತ್ತು ಹಲ್ಲು ಕಿತ್ತಿದ್ದಾರೆ; ಬೇಸಿನ್ ತೊಳೆದವಳು ನಾನು. ಡಾಕ್ಟರ್ ಇಲ್ದೆ ಹಲ್ಲು ಹೋಯ್ತು. ಈಗ ಹಲ್ಲಿಲ್ಲ ಅಂತ ಡಾಕ್ಟರನ್ನೇ ಕಳಿಸ್ತೀರಾ?”

ಅಧಿಕಾರಿ ವರದಿಯ ಕೊನೆಯ ಪುಟವನ್ನೂ ಪೆನ್ನನ್ನೂ ಅವಳ ಮುಂದೆ ತಳ್ಳಿದರು. “ಸಮೀಕ್ಷೆ ಮಾಡಿದವರ ಸಹಿ ಬೇಕು. ಇವತ್ತೇ ಕಳಿಸಬೇಕು.”

ಹಲ್ಲಕ್ಕ ಪೆನ್ನು ತೆಗೆದುಕೊಂಡಳು. ಆ ಪುಟವನ್ನು ಪಕ್ಕಕ್ಕೆ ಸರಿಸಿ, ಅತ್ತೆಯ ಫಾರಂನಲ್ಲಿ ತಾನೇ ಬರೆದಿದ್ದನ್ನು ಹೊಡೆದುಹಾಕಿದಳು. ‘ಅಗಿಯಲು ಆಗುತ್ತಿಲ್ಲ. ಹಲ್ಲಿನ ಸೆಟ್ ಬೇಕು’ ಎಂದು ಬರೆದು, ಅದರ ಕೆಳಗೆ ಸಹಿ ಮಾಡಿದಳು. ಇನ್ನೊಂದು ಫಾರಂ ಎಳೆದುಕೊಂಡಳು.

“ಏನ್ರೀ ಇದು? ಹೀಗೆಲ್ಲ ತಿದ್ದೋ ಹಾಗಿಲ್ಲ!”

“ಹಾಗಾದ್ರೆ ನೀವೇ ಟಾರ್ಚ್ ಹಿಡ್ಕೊಂಡು ಹೋಗಿ ನೋಡ್ಕೊಂಡು ಬನ್ನಿ, ಸಾರ್. ನಾನು ನೋಡಿದ ಬಾಯಿಗೆ ಸುಳ್ಳು ಸಹಿ ಹಾಕಲ್ಲ.”

ಡಾಕ್ಟರಮ್ಮ ಎದುರಿಗೆ ಕುರ್ಚಿ ಎಳೆದು ಕುಳಿತು, ಉಳಿದ ಫಾರಂಗಳಲ್ಲಿ ಹಲ್ಲಿಲ್ಲದವರದನ್ನು ಬೇರ್ಪಡಿಸತೊಡಗಿದರು. ಅಧಿಕಾರಿ ಯಾರಿಗೋ ಫೋನು ಹಚ್ಚುತ್ತ ಹೊರಗೆ ಹೋದರು. ಹಲ್ಲಕ್ಕ ತಲೆ ಎತ್ತಲಿಲ್ಲ. ಇನ್ನೂ ನೂರ ಮೂವತ್ತೆಂಟು ಬಾಕಿ ಇದ್ದವು.